ಕಟ್ಟಿಗೆ ನೋಡಿ ಚೈನ್ ಹಾಕಿ

ಗೋಕಾಕ

ಪ್ರಿಯ ಗೆಳೆಯರಿಗೆ,

ಪತ್ರ ಕೈಸೇರಿತು. ಅಂತೂ ಮರ ಕೊಯ್ಯುವ 50 ಸಿಸಿಯ ಸ್ವಂತ ಮಷಿನ್ ಕೊಂಡಿರಿ, ಸಂತೋಷ. ಮಳೆಗಾಲ ಹತ್ತಿರ ಬಂದಾಗ ಬಾಡಿಗೆ ಮಷಿನ್ ಇದ್ದವರ ಮನೆ ಬಾಗಿಲು ಕಾಯುವ ಕೆಲಸ ತಪ್ಪಿತು. ನೀವು ಕೇಳಿದ್ದು ಎರಡು ಮಾತು. ಈಗಿನ ಚೈನ್ ಸವೆದ ಮೇಲೆ ಯಾವುದನ್ನು ತರಬೇಕು? ಇದ್ದ ಚೈನಿಗೇ ಏನಾದರೂ ಮಾಡಿದರೆ ಇನ್ನೂ ಜೋರಾಗಿ ಕೊಯ್ದೀತೇ? ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ ಸಾವಕಾಶ ಓದಿ. ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಕಟ್ಟಿಗೆಗೆ ಹಲ್ಲಿನ ಮೂಲೆ ದುಂಡಗಿರುವ ಚೈನೇ ಸರಿ; ಅಂಗಡಿಯವರು ಅದನ್ನು ಸೆಮಿ ಚಿಸೆಲ್ ಅನ್ನುತ್ತಾರೆ. ಮಾರ್ಪಾಡು ಮಾಡುವ ಆಸೆ ಇದ್ದರೆ ಅರದಿಂದ ಮಾಡಿ, ಸ್ವಲ್ಪವೇ ಮಾಡಿ. ಹಲ್ಲಿನ ಮುಂದೆ ನಿಂತಿರುವ ರೇಕರ್ ಮಾತ್ರ ಅಳತೆಪಟ್ಟಿ ಇಲ್ಲದೆ ಮುಟ್ಟಲೇಬೇಡಿ.

ಮೊಬೈಲಿನಲ್ಲಿ ಯಾರೋ ದೊಡ್ಡ ದಿಮ್ಮಿಯನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ತುಂಡರಿಸಿದ್ದನ್ನು ನೋಡಿ ನಿಮಗೆ ಈ ಆಸೆ ಹುಟ್ಟಿದೆ ಎಂದು ಬರೆದಿದ್ದೀರಿ. ಅಂಥ ವಿಡಿಯೊಗಳಲ್ಲಿ ಕೊಯ್ಯುವುದು ಹೆಚ್ಚಾಗಿ ಪೈನ್, ಸ್ಪ್ರೂಸ್ ಜಾತಿಯ ಮರ. ಹಸಿ, ಮೆತ್ತಗೆ, ತೊಗಟೆಯೂ ಸ್ವಚ್ಛ. ಸ್ಪ್ರೂಸ್ ಒಣಗಿದಾಗ ಒಂದು ಘನಮೀಟರಿಗೆ 400–450 ಕಿಲೊ ತೂಗಿದರೆ ನಮ್ಮ ಕರಿಜಾಲಿ 800ರ ಆಸುಪಾಸು ತೂಗುತ್ತದೆ. ಹಿಂದಿನವರು ಚಕ್ಕಡಿಯ ಗಾಲಿಗೆ, ಕುಂಟೆಗೆ, ಕೂರಿಗೆಗೆ ಜಾಲಿಯನ್ನೇ ಹುಡುಕಿಕೊಂಡು ಹೋಗುತ್ತಿದ್ದುದು ಸುಮ್ಮನೆ ಅಲ್ಲ. ಹಳೆಯ ಹುಣಸೆಯ ಚೇಗು ಅದಕ್ಕಿಂತಲೂ ಗಡುಸು. ತೇಗ ಅಷ್ಟು ಗಟ್ಟಿಯಲ್ಲ, ಆದರೆ ಅದರ ಮೈಯೊಳಗೇ ಸಿಲಿಕಾ ಇರುತ್ತದೆ. ಸಿಲಿಕಾ ಎಂದರೆ ಉಸುಕಿನದೇ ಅಂಶ. ಒಳಗಿನಿಂದಲೇ ಹಲ್ಲು ತಿನ್ನುತ್ತದೆ. ಬೇವು, ಮಾವು, ನೀಲಗಿರಿ ಹಸಿಯಾಗಿದ್ದಾಗ ಮಾತು ಕೇಳುತ್ತವೆ, ಒಣಗಿದ ಮೇಲೆ ಅವುಗಳ ಗುಣವೇ ಬೇರೆ. ಇನ್ನು ಬಳ್ಳಾರಿ ಜಾಲಿ. ಅದು ನೆಟ್ಟಗೆ ಬೆಳೆಯುವುದೇ ಇಲ್ಲ. ನೆಲಕ್ಕೆ ಹತ್ತಿಕೊಂಡೇ ಹತ್ತು ಕೊಂಬೆ ಒಡೆಯುತ್ತದೆ, ಕೊಯ್ಯಬೇಕಾದದ್ದೆಲ್ಲ ಮಣ್ಣಿನ ಪಕ್ಕದಲ್ಲೇ ಇರುತ್ತದೆ.

ನಮ್ಮಲ್ಲಿ ಚೈನ್ ಹಾಳಾಗುವುದು ಕಟ್ಟಿಗೆಗಿಂತ ಹೆಚ್ಚಾಗಿ ಮಣ್ಣಿನಿಂದ. ಬೇಸಿಗೆಯಲ್ಲಿ ಎರೆ ಹೊಲದ ಧೂಳು ಗಾಳಿಗೆ ಎದ್ದು ಬದುವಿನ ಮರದ ತೊಗಟೆಯ ಸೀಳಿನಲ್ಲಿ ಕೂರುತ್ತದೆ. 2019ರ ಆಗಸ್ಟ್ ನಿಮಗೆ ಮರೆತಿರಲಿಕ್ಕಿಲ್ಲ. ಘಟಪ್ರಭಾ ಉಕ್ಕಿ ಗೋಕಾಕ ಪೇಟೆಯೊಳಗೇ ಬಂತು, ಮೂಡಲಗಿ ತಾಲ್ಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು, ಹುಕ್ಕೇರಿ ಕಡೆ ಹಿರಣ್ಯಕೇಶಿ ಸಂಕೇಶ್ವರವನ್ನು ಕಾಡಿತು. ಹೊಳೆ ಇಳಿದ ಮೇಲೆ ದಂಡೆಯ ಮರಗಳ ಮೇಲೆ ನೀರು ನಿಂತ ಗುರುತು ಸುಣ್ಣದ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಆ ಗುರುತಿಗಿಂತ ಮೇಲೆ ಕೊಯ್ದರೆ ಚಕ್ಕೆ ಉದುರುತ್ತಿತ್ತು. ಅದೇ ಮರವನ್ನು ಗುರುತಿನ ಕೆಳಗೆ ಕೊಯ್ದರೆ ತೊಗಟೆ ದಾಟುವುದರೊಳಗೆ ಹಿಟ್ಟು ಬೀಳುತ್ತಿತ್ತು. ತೊಗಟೆಯಲ್ಲಿ ಒಣಗಿ ಕೂತ ರಾಡಿಯ ಕೆಲಸ ಅದು. ಇದರ ಜೊತೆಗೆ ಬೇಲಿಯ ಮುಳ್ಳುತಂತಿ. ಮರ ಬೆಳೆಯುತ್ತ ಅದನ್ನು ಒಳಗೆ ನುಂಗಿರುತ್ತದೆ. ರಸ್ತೆಬದಿಯ ಬೇವು ಹುಣಸೆಗಳಿಗಂತೂ ಬೋರ್ಡು ಬಡಿದ ಮೊಳೆಗಳು. ಬೋರ್ಡು ಹೋಗುತ್ತದೆ, ಮೊಳೆ ಉಳಿಯುತ್ತದೆ. ಕೊಯ್ಯುವ ಮುಂಚೆ ಒಂದು ತಂತಿಬ್ರಷ್ಷಿನಿಂದ ತೊಗಟೆ ತಿಕ್ಕಿ, ಇಲ್ಲವೇ ಕೊಡಲಿಯಿಂದ ಅಂಗೈ ಅಗಲ ತೊಗಟೆ ಕೆತ್ತಿ ತೆಗೆಯಿರಿ. ಎರಡು ನಿಮಿಷದ ಕೆಲಸ. ಅದು ಉಳಿಸಿಕೊಡುವಷ್ಟು ಹರಿತವನ್ನು ಯಾವ ದುಬಾರಿ ಚೈನೂ ಕೊಡಲಾರದು.

ಹಲ್ಲು ಹೇಗೆ ಕೊಯ್ಯುತ್ತದೆ ಎಂಬುದನ್ನು ತಿಳಿದರೆ ಆಯ್ಕೆ ಸುಲಭ. ಮೊದಮೊದಲ ಮಷಿನ್‌ಗಳ ಚೈನಿನಲ್ಲಿ ಕೈಗರಗಸದ್ದೇ ಚೂಪು ಹಲ್ಲುಗಳಿದ್ದವು. ಅವು ಕಟ್ಟಿಗೆಯನ್ನು ಗೀರುತ್ತಿದ್ದವು, ಬೇಗ ಮೊಂಡಾಗುತ್ತಿದ್ದವು. 1946ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕೊಯ್ಯುವವನು ಕಟ್ಟಿಗೆ ಒಡೆಯುವಾಗ ದಿಮ್ಮಿಯೊಳಗೆ ಒಂದು ದುಂಬಿಯ ಮರಿಹುಳು ಕಂಡ. ನಮ್ಮ ಮಾವಿನ ತೋಟದವರಿಗೆ ಕಾಂಡಕೊರಕ ಗೊತ್ತಲ್ಲ, ಅಂಥದ್ದೇ. ಹುಳು ಎಳೆಯ ಉದ್ದಕ್ಕೂ ಅಡ್ಡಕ್ಕೂ ಒಂದೇ ಸಲೀಸಿನಲ್ಲಿ ಕೊರೆಯುತ್ತಿತ್ತು, ಎರಡು ದವಡೆಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚಿ ಚಕ್ಕೆ ತೆಗೆಯುತ್ತಿತ್ತು. ಕಾಕ್ಸ್ ಆ ದವಡೆಯ ಆಕಾರವನ್ನು ಉಕ್ಕಿನಲ್ಲಿ ಮಾಡಿ, ಒಂದು ಹಲ್ಲು ಎಡಕ್ಕೆ ಒಂದು ಬಲಕ್ಕೆ ಇಟ್ಟು ಚೈನ್ ಕಟ್ಟಿದ. 1947ರಲ್ಲಿ ಕಂಪನಿಯನ್ನೂ ಶುರು ಮಾಡಿದ. ಇವತ್ತು ಒರೆಗಾನ್ ಹೆಸರಿನ ಚೈನ್ ನಮ್ಮ ಅಂಗಡಿಗಳಿಗೂ ಬರುತ್ತದಲ್ಲ, ಅದರ ಮೂಲ ಆ ಹುಳು. ಬೆಳೆಗೆ ಶತ್ರುವಾದ ಹುಳುವೊಂದು ಹೀಗೂ ಉಪಯೋಗಕ್ಕೆ ಬಂದದ್ದು ನನಗೆ ಯಾವತ್ತೂ ತಮಾಷೆ ಎನಿಸುತ್ತದೆ.

ಹಲ್ಲನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಮೇಲಿನ ತಗಡು, ಪಕ್ಕದ ತಗಡು, ಎರಡೂ ಸೇರುವಲ್ಲಿ ಒಂದು ಮೂಲೆ. ಕೊಯ್ತದ ಬಹುಪಾಲು ಕಷ್ಟ ಆ ಮೂಲೆಯ ಮೇಲೇ ಬೀಳುತ್ತದೆ. ಮೂಲೆ ಚೌಕಾಗಿ ಚೂಪಾಗಿದ್ದರೆ ಫುಲ್ ಚಿಸೆಲ್. ಸ್ವಚ್ಛ ಹಸಿ ಮರದಲ್ಲಿ ಅದರ ವೇಗಕ್ಕೆ ಸಾಟಿ ಇಲ್ಲ. ಆದರೆ ಮಣ್ಣು ತಾಕಿದ ಕೂಡಲೇ ಮೊದಲು ಹೋಗುವುದು ಆ ಚೂಪು ಮೂಲೆಯೇ, ಮೂಲೆ ಹೋದ ಮೇಲೆ ಉಳಿದ ಅಂಚು ಎಷ್ಟು ಹರಿತವಿದ್ದರೂ ಪ್ರಯೋಜನವಿಲ್ಲ. ಸೆಮಿ ಚಿಸೆಲ್‌ನಲ್ಲಿ ಮೂಲೆ ದುಂಡಗೆ ಬಾಗಿರುತ್ತದೆ, ಹೊಡೆತ ಒಂದೇ ಚುಕ್ಕೆಯ ಮೇಲೆ ಬೀಳದೆ ಹಂಚಿಹೋಗುತ್ತದೆ. ವೇಗದಲ್ಲಿ ಸ್ವಲ್ಪ ಹಿಂದೆ, ಬಾಳಿಕೆಯಲ್ಲಿ ಬಹಳ ಮುಂದೆ. ದಿನದ ಕೊನೆಗೆ ಎಷ್ಟು ಮರ ಬಿತ್ತು ಎಂದು ಲೆಕ್ಕ ಹಾಕಿದರೆ ಬದುವಿನ ಜಾಲಿಯಲ್ಲಿ ಗೆಲ್ಲುವುದು ಇದೇ. ಸ್ಟಿಲ್ ಕಂಪನಿಯ ಡಬ್ಬಿಯ ಮೇಲೆ ಆರ್‌ಎಂ ಎಂದಿದ್ದರೆ ದುಂಡು ಮೂಲೆ, ಆರ್‌ಎಸ್ ಎಂದಿದ್ದರೆ ಚೂಪು. ಒರೆಗಾನ್‌ನಲ್ಲಿ ನಿಮ್ಮ ಅಳತೆಗೆ ಬಿಪಿಎಕ್ಸ್ ದುಂಡು, ಎಲ್‌ಪಿಎಕ್ಸ್ ಚೂಪು. ಕಾರ್ಬೈಡ್ ತುದಿಯ ಚೈನ್ ಬಗ್ಗೆಯೂ ಕೇಳಿದ್ದೀರಿ. ಮಣ್ಣನ್ನು ಅದು ತಡೆಯುತ್ತದೆ, ನಿಜ. ಆದರೆ ಅದಕ್ಕೆ ನಮ್ಮ ಅರ ಹತ್ತುವುದಿಲ್ಲ, ವಜ್ರದ ಚಕ್ರವೇ ಬೇಕು, ಮೇಲೆ ಬೆಲೆ. ಹೊಲದಲ್ಲಿ ಕೂತು ಹರಿತ ಮಾಡಲಾಗದ ಚೈನ್ ನನಗಂತೂ ಬೇಡ.

ಈಗ ಅಳತೆ. ಇಲ್ಲಿ ಅಂಗಡಿಯವರ ಬಾಯಿಮಾತು ನಂಬಬೇಡಿ, ಚೈನ್ ತಾನೇ ಹೇಳುತ್ತದೆ. ನೋಡಬೇಕಾದದ್ದು ಮೂರು: ಪಿಚ್, ಗೇಜ್, ಡ್ರೈವ್ ಲಿಂಕಿನ ಎಣಿಕೆ. ಸಾಲಾಗಿ ಮೂರು ರಿವೆಟ್‌ಗಳ ನಡುವಿನ ಅಂತರ ಅಳೆದು ಅರ್ಧ ಮಾಡಿದರೆ ಪಿಚ್. 50 ಸಿಸಿಯ ಮಷಿನ್‌ಗಳಿಗೆ ಸಾಮಾನ್ಯವಾಗಿ .325 ಇಂಚು, ಅಂದರೆ 8.25 ಮಿಲಿಮೀಟರ್. ಕೆಳಗೆ, ಚೈನ್ ಸುತ್ತುವ ಬಾರಿನ ಗಾಡಿಯಲ್ಲಿ, ಅಂದರೆ ಅಂಚಿನ ಸೀಳಿನಲ್ಲಿ, ಓಡುವ ಕೊಂಡಿಯೇ ಡ್ರೈವ್ ಲಿಂಕ್; ಅದರ ದಪ್ಪ ಗೇಜ್. ಇಲ್ಲೇ ಜನ ಎಡವುವುದು. ಸ್ಟಿಲ್‌ನವರ .325 ಚೈನ್ ಹೆಚ್ಚಾಗಿ 1.6 ಮಿಲಿಮೀಟರ್ ದಪ್ಪ, ಹಸ್ಕ್‌ವರ್ನಾದವರದು 1.3 ಅಥವಾ 1.5. ದಪ್ಪನೆಯದು ತೆಳು ಗಾಡಿಯೊಳಗೆ ಹೋಗುವುದೇ ಇಲ್ಲ, ಅಲ್ಲಿಗೆ ತಂಟೆ ಮುಗಿಯಿತು. ತೆಳ್ಳನೆಯದು ಅಗಲ ಗಾಡಿಯೊಳಗೆ ಸಲೀಸಾಗಿ ಕೂತು ಓಡುತ್ತದೆ, ಆಮೇಲೆ ವಾಲಾಡಿ ಕೊಯ್ತವನ್ನೇ ಸೊಟ್ಟ ಮಾಡುತ್ತದೆ. ಎಣಿಕೆಯಲ್ಲೂ ಅಷ್ಟೇ: 16 ಇಂಚಿನ ಬಾರಿಗೆ ಹಸ್ಕ್‌ವರ್ನಾದಲ್ಲಿ 66 ಡ್ರೈವ್ ಲಿಂಕ್, ಸ್ಟಿಲ್‌ನಲ್ಲಿ 67. ‘ಹದಿನಾರು ಇಂಚಿನ ಚೈನ್ ಕೊಡಿ’ ಎಂದು ಕೇಳಿದರೆ ಒಂದು ಕೊಂಡಿ ಹೆಚ್ಚೋ ಕಡಿಮೆಯೋ ಬಂದೀತು.

ಸ್ಟಿಲ್ ಚೈನಾಗಿದ್ದರೆ ಓದುವುದು ಇನ್ನೂ ಸರಳ. ಹಲ್ಲಿನ ಮುಂದಿನ ರೇಕರ್ ಮೇಲೆ ಒಂದು ಸಣ್ಣ ಅಂಕಿ ಒತ್ತಿರುತ್ತಾರೆ, 2 ಇದ್ದರೆ .325, 3 ಇದ್ದರೆ ಮೂರೆಂಟಾಂಶ ಇಂಚು, 6 ಇದ್ದರೆ ಅದರದೇ ಗಿಡ್ಡ ಜಾತಿ. ಡ್ರೈವ್ ಲಿಂಕಿನ ಮೇಲೆ ಇನ್ನೊಂದು ಅಂಕಿ. 3 ಇದ್ದರೆ 1.3 ಮಿಲಿಮೀಟರ್, 5 ಇದ್ದರೆ 1.5, 6 ಇದ್ದರೆ 1.6. ಒರೆಗಾನ್‌ನಲ್ಲಿ ಡ್ರೈವ್ ಲಿಂಕಿನ ಮೇಲೆ 20, 21, 22 ಎಂಬ ಅಂಕಿ; ಕ್ರಮವಾಗಿ 1.3, 1.5, 1.6 ಮಿಲಿಮೀಟರ್. ಎಣ್ಣೆ ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿದರೆ ಕಾಣುತ್ತದೆ. ಬಾರಿನ ಬುಡದಲ್ಲೂ ಇವೇ ಅಳತೆಗಳನ್ನು ಬರೆದಿರುತ್ತಾರೆ, ಎರಡೂ ತಾಳೆಯಾಗಬೇಕು.

ಬಾರಿನ ಉದ್ದದ ಬಗ್ಗೆಯೂ ಒಂದು ಮಾತು. 22 ಇಂಚಿನ ಬಾರ್ ಹಾಕಿದ ಸಣ್ಣ ಮಷಿನ್‌ಗಳು ಸಂತೆಯಲ್ಲಿ ಗತ್ತಿನಿಂದ ನಿಂತಿರುತ್ತವೆ. 50 ಸಿಸಿಗೆ 16 ಇಂಚು ಸಾಕು, ಹೆಚ್ಚೆಂದರೆ 18. ಉದ್ದ ಬಾರಿನಲ್ಲಿ ಅರ ಹಾಕಬೇಕಾದ ಹಲ್ಲುಗಳೂ ಹೆಚ್ಚು, ತುದಿ ಮಣ್ಣಿಗೆ ತಾಕುವ ಸಂಭವವೂ ಹೆಚ್ಚು, ಗಟ್ಟಿ ಹುಣಸೆಯಲ್ಲಿ ಬಾರ್ ಪೂರ್ತಿ ಮುಳುಗಿದರೆ ಎಂಜಿನ್ನಿಗೆ ಉಸಿರು ಸಾಲದು.

ಇನ್ನು ಮಾರ್ಪಾಡು. ಸ್ಪ್ರಾಕೆಟ್ ಬದಲಿಸುವ ವಿಚಾರ ಬರೆದಿದ್ದೀರಿ. ಲೆಕ್ಕ ಹಾಕೋಣ. 7 ಹಲ್ಲಿನ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ .325 ಚೈನ್ 14 ಪಿಚ್‌ನಷ್ಟು, ಅಂದರೆ 115.5 ಮಿಲಿಮೀಟರ್ ಸರಿಯುತ್ತದೆ. ನಿಮಿಷಕ್ಕೆ 10,000 ಸುತ್ತಿನಲ್ಲಿ ಅದು ಸೆಕೆಂಡಿಗೆ 19 ಮೀಟರ್ ಚಿಲ್ಲರೆ. 8 ಹಲ್ಲು ಹಾಕಿದರೆ 132 ಮಿಲಿಮೀಟರ್, ಸೆಕೆಂಡಿಗೆ 22 ಮೀಟರ್. ಕಾಗದದ ಮೇಲೆ ಲಾಭ. ಆದರೆ ವೇಗ ಏರಿದಷ್ಟು ಎಳೆಯುವ ಬಲ ಇಳಿಯುತ್ತದೆ. ಒಣ ಜಾಲಿಯಲ್ಲಿ ಒತ್ತಿದ ಕೂಡಲೇ ಸುತ್ತು ಬಿದ್ದುಹೋಗಿ ಕ್ಲಚ್ ಜಾರತೊಡಗುತ್ತದೆ. ನೀಲಗಿರಿ ತೋಪಿನಲ್ಲಿ ತೆಳು ಮರ ಕೊಯ್ಯುವವರು ಬೇಕಾದರೆ ಹಾಕಿಕೊಳ್ಳಲಿ. ನೀವು 7ರಲ್ಲೇ ಇರಿ. ಪಿಚ್ಚನ್ನೇ ಬದಲಿಸುವುದಾದರೆ ಚೈನ್ ಒಂದನ್ನೇ ಅಲ್ಲ, ಸ್ಪ್ರಾಕೆಟ್ ಮತ್ತು ತುದಿಯಲ್ಲಿ ಗಾಲಿ ಇರುವ ಬಾರ್ ಎರಡನ್ನೂ ಬದಲಿಸಬೇಕು. 50 ಸಿಸಿಗೆ ಆ ಖರ್ಚು ದಂಡ. 40 ಸಿಸಿಗಿಂತ ಸಣ್ಣ ಮಷಿನ್ ಇದ್ದವರಿಗೆ ಮಾತ್ರ ಗಿಡ್ಡ ಜಾತಿಯ ತೆಳು ಚೈನ್ ನಿಜಕ್ಕೂ ಅನುಕೂಲ, ಅದು ಕಡಿಮೆ ಕಟ್ಟಿಗೆ ತೆಗೆಯುತ್ತದೆ, ಕಡಿಮೆ ಬಲ ಬೇಡುತ್ತದೆ.

ನಿಜವಾದ ಮಾರ್ಪಾಡು ಇರುವುದು ಅರದ ತುದಿಯಲ್ಲಿ. .325ಕ್ಕೆ 4.8 ಮಿಲಿಮೀಟರಿನ ದುಂಡು ಅರ. ಅರದ ಐದನೇ ಒಂದು ಭಾಗ ಹಲ್ಲಿನ ಮೇಲ್ತಗಡಿಗಿಂತ ಮೇಲೆ ಕಾಣುವಂತೆ ಹಿಡಿದು, ಹಲ್ಲಿನ ಒಳಗಿನಿಂದ ಹೊರಕ್ಕೆ, ಒಂದೇ ದಿಕ್ಕಿನಲ್ಲಿ ತಳ್ಳಿ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಕಂಪನಿಯವರು ಹೇಳುವ ಕೋನ 30 ಡಿಗ್ರಿ. ಒಣ ಜಾಲಿ, ಹುಣಸೆಗೆ ನಾನು 25ಕ್ಕೆ ಇಳಿಸುತ್ತೇನೆ. ಅಂಚು ಸ್ವಲ್ಪ ಮೊಂಡ ಎನಿಸಿದರೂ ಬೇಗ ಮಡಚುವುದಿಲ್ಲ, ಮಧ್ಯಾಹ್ನದವರೆಗೆ ತಡೆಯುತ್ತದೆ. ಮರವನ್ನು ಉದ್ದಕ್ಕೆ ಸೀಳಿ ಹಲಗೆ ಮಾಡುವ ಚೈನಿಗೆ 10 ಡಿಗ್ರಿ ಬೇಕು, ಅದನ್ನು ಬೇರೆಯೇ ಇಟ್ಟುಕೊಳ್ಳಬೇಕು. ಎರಡು ದಿಮ್ಮಿಗೋಸ್ಕರ ಆ ಉಸಾಬರಿ ಬೇಡ, ಸಾಮಿಲ್ಲಿಗೆ ಒಯ್ಯಿರಿ.

ಅರ ಹಾಕಿದ್ದು ಸಾಕೇ ಎಂದು ತಿಳಿಯುವುದಕ್ಕೆ ಹಲ್ಲನ್ನು ಬಿಸಿಲಿಗೆ ತಿರುಗಿಸಿ. ಅಂಚಿನಲ್ಲಿ ಕೂದಲೆಳೆಯ ಬಿಳಿ ಹೊಳಪು ಕಂಡರೆ ಅದು ಇನ್ನೂ ಮೊಂಡು. ಹರಿತವಾದ ಅಂಚಿಗೆ ದಪ್ಪವೇ ಇರುವುದಿಲ್ಲ, ಬೆಳಕು ಅದರ ಮೇಲೆ ನಿಲ್ಲುವುದಿಲ್ಲ. ಹಲ್ಲಿನ ಹೊರಮೈಗೆ ತೆಳು ಕ್ರೋಮ್ ಲೇಪ ಇರುತ್ತದೆ. ಕೊಯ್ಯುವುದು ಆ ಲೇಪದ ಅಂಚು. ಕಲ್ಲಿಗೋ ಮೊಳೆಗೋ ತಾಕಿ ಕ್ರೋಮ್ ಹಾರಿದ್ದರೆ ಹಾರಿದ ಜಾಗ ಪೂರ್ತಿ ದಾಟುವ ತನಕ ತಿಕ್ಕಬೇಕು, ಅರ್ಧಕ್ಕೆ ಬಿಟ್ಟರೆ ತಿಕ್ಕಿದ್ದೆಲ್ಲ ವ್ಯರ್ಥ. ಎಲ್ಲಕ್ಕಿಂತ ಗಿಡ್ಡ ಹಲ್ಲನ್ನು ಹುಡುಕಿ, ಉಳಿದವನ್ನು ಅದರ ಸಮಕ್ಕೆ ತನ್ನಿ. ಎಡದ ಹಲ್ಲು ಉದ್ದ, ಬಲದ್ದು ಗಿಡ್ಡ ಆದರೆ ಕೊಯ್ತ ಒಂದು ಕಡೆಗೆ ಎಳೆಯುತ್ತದೆ. ಪೇಟೆಯಲ್ಲಿ ಗ್ರೈಂಡರ್‌ಗೆ ಕೊಟ್ಟು ಅವಸರ ಮಾಡಿಸಿದರೆ ಹಲ್ಲು ನೀಲಿಗಟ್ಟುವುದನ್ನು ನೋಡಿರುತ್ತೀರಿ. ನೀಲಿ ಎಂದರೆ ಉಕ್ಕಿನ ಹದ ಹೋಯಿತು, ಆ ಹಲ್ಲು ಹರಿತ ಹಿಡಿಯುವುದಿಲ್ಲ.

ಈಗ ರೇಕರ್. ಹಲ್ಲಿನ ಮುಂದೆ ಗೂಟದ ಹಾಗೆ ನಿಂತಿರುವ ಅದು ಹಲ್ಲಿಗಿಂತ ತುಸು ಕೆಳಗಿರುತ್ತದೆ; .325 ಚೈನಿನಲ್ಲಿ ಆ ಅಂತರ 0.65 ಮಿಲಿಮೀಟರ್. ಬಡಿಗೇರರ ರಂಧಾದಲ್ಲಿ ಪಾತಿ ಎಷ್ಟು ಹೊರಗೆ ಇಣುಕಿದೆ ಎಂಬುದರ ಮೇಲೆ ಸಿಪ್ಪೆ ದಪ್ಪವೋ ತೆಳುವೋ ತೀರ್ಮಾನವಾಗುತ್ತದಲ್ಲ, ಇದೂ ಅದೇ. ಹಲ್ಲಿನ ಮೇಲ್ತಗಡು ಹಿಂದಕ್ಕೆ ಇಳಿಜಾರು. ಹಾಗಾಗಿ ಅರ ಹಾಕಿದಂತೆಲ್ಲ ಹಲ್ಲು ಗಿಡ್ಡವಾಗುವುದರ ಜೊತೆಗೆ ತಗ್ಗುತ್ತದೆ ಕೂಡ, ರೇಕರ್ ಮಾತ್ರ ಇದ್ದಲ್ಲೇ ಇರುತ್ತದೆ. ನಾಲ್ಕೈದು ಸಲ ಅರ ಹಾಕಿದ ಮೇಲೆ ‘ಹಲ್ಲು ಹರಿತ ಇದೆ, ಆದರೂ ಕೊಯ್ಯುತ್ತಿಲ್ಲ’ ಎಂದು ಜನ ಗೊಣಗುವುದು ಇದಕ್ಕೇ. ಆಗ ಅಳತೆಪಟ್ಟಿ ಇಟ್ಟು, ಮೇಲೆ ಉಳಿದಷ್ಟನ್ನು ಚಪ್ಪಟೆ ಅರದಿಂದ ತೆಗೆದು, ಮುಂದಿನ ಮೂಲೆಯನ್ನು ಮೊದಲಿದ್ದಂತೆ ದುಂಡಗೆ ಮಾಡಬೇಕು. ಕೆಲವರು ಜೋರು ಬರಲಿ ಎಂದು ಕಣ್ಣಳತೆಯಲ್ಲೇ ರೇಕರ್ ಬೋಳಿಸುತ್ತಾರೆ. ಒಂದೆರಡು ಮರ ಚಂದ ಕೊಯ್ಯುತ್ತದೆ. ಆಮೇಲೆ ಗಟ್ಟಿ ಗಂಟಿಗೆ ಹಲ್ಲು ಕಚ್ಚಿ ನಿಲ್ಲುತ್ತದೆ, ಚೈನ್ ಬಡಿದಾಡುತ್ತದೆ, ಕ್ಲಚ್ ಕಾಯುತ್ತದೆ. ಅದಕ್ಕಿಂತ ಕೆಟ್ಟದ್ದು, ಬಾರಿನ ತುದಿಯ ಮೇಲ್ಭಾಗ ಕೊಂಬೆಗೆ ತಾಕಿದರೆ ಮಷಿನ್ ಒದ್ದು ನೇರ ಮುಖದ ಕಡೆಗೆ ಬರುತ್ತದೆ. ಅದರಿಂದ ತಪ್ಪಿಸಿಕೊಳ್ಳುವಷ್ಟು ವೇಗ ಮನುಷ್ಯರ ಕೈಗಿಲ್ಲ. ಚೈನ್ ಬ್ರೇಕ್ ಇರುವುದು ಅದಕ್ಕೇ. ಒಣ ಜಾಲಿಗೆ ನಾನು ರೇಕರಿನ ಅಂತರವನ್ನು 0.5ರ ಹತ್ತಿರವೇ ಬಿಡುತ್ತೇನೆ. ಚಕ್ಕೆ ಸಣ್ಣದು, ಓಟ ನುಣುಪು.

ಮೂರು ಚೈನ್ ಒಟ್ಟಿಗೆ ಕೊಳ್ಳಿ, ಸರದಿಯಲ್ಲಿ ಹಾಕಿ. ಒಂದೇ ಚೈನ್ ಸವೆಯುವ ತನಕ ಓಡಿಸಿದರೆ ಸ್ಪ್ರಾಕೆಟ್ ಅದರ ಅಳತೆಗೆ ಸವೆದಿರುತ್ತದೆ, ಹೊಸ ಚೈನ್ ಅದರ ಮೇಲೆ ಕೂರದೆ ಬೇಗ ಜಗ್ಗುತ್ತದೆ. ಮೂರೂ ಮುಗಿದಾಗ ಸ್ಪ್ರಾಕೆಟ್ಟನ್ನೂ ಬದಲಿಸಿ. ಹಲ್ಲು ಕೊನೆಗೆ ಬಂದ ಚೈನನ್ನು ಕೂಡಲೇ ಗುಜರಿಗೆ ಹಾಕಬೇಡಿ. ಹಲ್ಲಿನ ಮೇಲಿನ ಸವಕಳಿಯ ಗೆರೆ ತಲುಪುವ ತನಕ ನೆಲಮಟ್ಟದ ಬೊಡ್ಡೆ ಕೊಯ್ಯಲಿಕ್ಕೆ ಅದನ್ನೇ ಹಾಕಿ. ಬಾರನ್ನು ಆಗಾಗ ಮಗುಚಿ. ಬಿಸಿಯಾದ ಚೈನ್ ಬಿಗಿ ಮಾಡಿದ್ದರೆ ಕೆಲಸ ಮುಗಿದ ಮೇಲೆ ಸಡಿಲಿಸಲು ಮರೆಯಬೇಡಿ, ತಣಿದಾಗ ಅದು ಕುಗ್ಗಿ ಶಾಫ್ಟನ್ನೇ ಜಗ್ಗುತ್ತದೆ. ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಆಯಿಲ್ ಸುರಿಯುವ ಪದ್ಧತಿ ನಮ್ಮಲ್ಲಿ ಇದೆ, ಬಿಟ್ಟುಬಿಡಿ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಬಾರ್ ತಿನ್ನುತ್ತದೆ. ಹಾರಿ ಬಂದದ್ದು ದಿನವೂ ನಿಮ್ಮ ಮೈ ಮೇಲೆಯೇ ಬೀಳುತ್ತದೆ.

ಚೈನಿಗೆ ಸಂಬಂಧ ಇಲ್ಲದ ಎರಡು ಮಾತು ಸೇರಿಸದೆ ಇರಲಾರೆ. ಕೊಂಬೆ ಕರೆಂಟ್ ತಂತಿಯ ಹತ್ತಿರ ಇದ್ದರೆ ಲೈನ್ ಬಂದ್ ಮಾಡಿಸಿದ ಮೇಲೆಯೇ ಮಷಿನ್ ಎತ್ತಿ. ಗೋಕಾಕ, ಮೂಡಲಗಿಯಲ್ಲಾದರೆ ಹೆಸ್ಕಾಂ. ಹುಕ್ಕೇರಿ ತಾಲ್ಲೂಕಿನ ಊರುಗಳಲ್ಲಿ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ನೀವು ಎರಡೂ ಕಡೆ ಕೆಲಸ ಹಿಡಿಯುವವರು, ಎರಡೂ ಕಡೆಯ ಲೈನ್‌ಮನ್ ನಂಬರ್ ಜೇಬಿನಲ್ಲಿರಲಿ. ಇನ್ನೊಂದು, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ. ನೀಲಗಿರಿಯಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ, ಉಳಿದ ಮರ ಸ್ವಂತ ಹೊಲದ್ದೇ ಆದರೂ ಅನುಮತಿ ಬೇಕು. ‘ನಮ್ಮದೇ ಮರ, ಕೊಯ್ಯಿರಿ’ ಎಂದು ಮಾಲೀಕರು ಧೈರ್ಯ ಹೇಳಿದರೂ ಕಾಗದ ನೋಡದೆ ಮಷಿನ್ ಚಾಲೂ ಮಾಡಬೇಡಿ. ಕೇಸಾದರೆ ಮಷಿನ್ ಹಿಡಿದವನೂ ಸಿಕ್ಕಿಕೊಳ್ಳುತ್ತಾನೆ.

ಮುಂದಿನ ಪತ್ರದಲ್ಲಿ ನಿಮ್ಮ ಬಾರಿನ ಬುಡದಲ್ಲಿರುವ ಮೂರು ಅಳತೆ ಮತ್ತು ಡ್ರೈವ್ ಲಿಂಕಿನ ಮೇಲಿನ ಅಂಕಿ ಬರೆದು ಕಳಿಸಿ. ಯಾವ ನಂಬರಿನ ಚೈನ್ ಎಂದು ಖಚಿತವಾಗಿ ತಿಳಿಸುತ್ತೇನೆ. ಅಲ್ಲಿಯವರೆಗೆ ಹೊಸ ಚೈನಿಗೆ ದುಡ್ಡು ಕೊಡಬೇಡಿ, 4.8ರ ದುಂಡು ಅರ ಎರಡು, ಚಪ್ಪಟೆ ಅರ ಒಂದು, ರೇಕರ್ ಅಳತೆಪಟ್ಟಿ ಒಂದು, ಇಷ್ಟು ಮಾತ್ರ ತಂದಿಟ್ಟುಕೊಳ್ಳಿ.

ಇಂತಿ ನಿಮ್ಮ ಗೆಳೆಯ